ಬಿಟ್ಟ ಬಾಣ, ಓಡುವ ಜಿಂಕೆ

ಮಕರಮಾಸದ ಕೊನೆಗೆ, ಫೆಬ್ರವರಿ ತಿಂಗಳಿನಲ್ಲಿ, ತುಳುನಾಡಿನಲ್ಲಿ ಮೂರು ದಿನ ಕೆಡ್ಡಸದ ಆಚರಣೆ ನಡೆಯುವುದು. ಭೂಮಿತಾಯಿಗೆ ಅದು ವಿಶ್ರಾಂತಿಯ ಕಾಲವಾದುದರಿಂದ ಆಗ ಯಾರೂ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಹೊಲದ ಕೆಲಸವಿಲ್ಲದ ಆ ದಿನಗಳಲ್ಲಿಯೇ ಹಿಂದಿನವರು ಗುಂಪುಕೂಡಿ ಬೇಟೆಗೆ ಹೊರಡುತ್ತಿದ್ದರು. ತುಳುವಿನಲ್ಲಿ ಬೇಟೆಗೆ ಬೋಂಟೆಯೆಂದು ಹೆಸರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಲ್ಲಿ ಕೆಡ್ಡಸ ಇಂದಿಗೂ ಉಂಟು. ಬೋಂಟೆ ಉಳಿಯಬೇಕಾದುದು ಹಿರಿಯರ ಕತೆಗಳಲ್ಲಿ ಮಾತ್ರ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಬಿಗಿಯಾಗಿ ಕಟ್ಟಿಹಾಕಿತು. ಪರವಾನಿಗೆ ಪಡೆದು ಬೇಟೆಯಾಡುವುದಕ್ಕೆ ಉಳಿದಿದ್ದ ಕಿಂಡಿಯನ್ನು ೧೯೯೧ರ ತಿದ್ದುಪಡಿಯು ಮುಚ್ಚಿತು.

ಬೆಳ್ತಂಗಡಿಯ ಮೂಡಣ ದಿಕ್ಕಿಗೆ ಗೋಡೆಯಂತೆ ಎದ್ದು ನಿಂತಿರುವ ಘಟ್ಟದ ಕಾಡಿನಲ್ಲಿ ಕಡವೆ ಇದೆ, ಕಾಡುಕುರಿ ಇದೆ, ಮೊಲಕ್ಕಿಂತ ತುಸುವೇ ದೊಡ್ಡದಾದ ಬರಿಂಕ ಇದೆ. (ಬರಿಂಕವನ್ನು ಜಿಂಕೆಯ ಮರಿಯೆಂದು ತಿಳಿಯುವವರುಂಟು. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಅದು ಜಿಂಕೆಯ ಕುಲಕ್ಕೆ ಸೇರಿದುದೇ ಅಲ್ಲ; ಅದಕ್ಕೆ ಕೊಂಬೂ ಇಲ್ಲ.) ಇವುಗಳಲ್ಲಿ ಯಾವುದಕ್ಕೂ ಬಾಣ ಹೂಡುವ ಹಕ್ಕು ಇಂದು ನಮಗೆ ಯಾರಿಗೂ ಇಲ್ಲ. ಹಾಗಿದ್ದರೆ, ಜಿಂಕೆಯ ಮೈಯಲ್ಲಿ ಬಾಣವೆಲ್ಲಿ ನಾಟಬೇಕು ಎಂಬ ವಿಚಾರವನ್ನು ಈ ಪುಟಗಳಲ್ಲಿ ಎತ್ತುವುದೇಕೆಂದು ಓದುಗರು ಕೇಳಬಹುದು. ಕಾರಣವಿಷ್ಟೆ: ಜಿಂಕೆಗೆ ಗುರಿಯಿಡುವವರು ಇಂದಿಗೂ ಇದ್ದಾರೆ. ಅವರು ಬೇಟೆಗಾರರಲ್ಲ, ಅರಣ್ಯ ಇಲಾಖೆಯ ಜೊತೆಯಲ್ಲಿ ಕೆಲಸಮಾಡುವ ಪಶುವೈದ್ಯರು. ಅವರ ಬಾಣದ ತುದಿಯಲ್ಲಿ ಅಲಗಿಗೆ ಬದಲಾಗಿ ಸೂಜಿಯಿದೆ, ಕೊಲ್ಲುವುದಕ್ಕಲ್ಲ, ನಿದ್ದೆಗೆಡವುವುದಕ್ಕೆ. ಆದರೂ ಹಳೆಯ ಬಿಲ್ಲುಗಾರನಿಗಿದ್ದ ತೊಡಕುಗಳೆಲ್ಲವೂ ಅವರಿಗೂ ಇವೆ. ಆದುದರಿಂದ ಮೊದಲು ಬಿಲ್ಲುಗಾರನ ಲೆಕ್ಕವನ್ನು ತಿಳಿದುಕೊಂಡು, ಆಮೇಲೆ ವೈದ್ಯರ ಬಳಿಗೆ ಹೋಗೋಣ.

ಬಾಣವು ಪ್ರಾಣಿಯನ್ನು ಹೇಗೆ ಕೊಲ್ಲುತ್ತದೆ? 'ಚುಚ್ಚಿ' ಎಂಬ ಉತ್ತರ ಸಾಲದು. ೩೦ ಗ್ರಾಂ ತೂಕದ ಬಾಣವೊಂದು ಸೆಕೆಂಡಿಗೆ ೫೦ ಮೀಟರ್ ವೇಗದಲ್ಲಿ ಹೊರಟಿತೆಂದು ಇಟ್ಟುಕೊಳ್ಳೋಣ; ಮರದ ಬಿಲ್ಲಿಗೆ ಇದು ಒಳ್ಳೆಯ ವೇಗವೇ ಸರಿ. ಅದರ ಚಲನಶಕ್ತಿಯನ್ನು ಶಾಲೆಯ ಸೂತ್ರದಿಂದ ಲೆಕ್ಕಹಾಕಿದರೆ ಬರುವುದು ೩೭.೫ ಜೂಲ್. ತಾಸಿಗೆ ೮೦ ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನಲ್ಲಿರುವುದೂ ಸುಮಾರು ಅಷ್ಟೇ. ಹಳೆಯ ಕಾಲದ ಯುದ್ಧದ ರೈಫಲಿನ ಗುಂಡಿನಲ್ಲಿ ಮೂರು ಸಾವಿರ ಜೂಲ್ ಇರುತ್ತದೆ. ಗುಂಡು ತಾನು ಹೊಕ್ಕ ದಾರಿಯ ಸುತ್ತಣ ಮಾಂಸವನ್ನೂ ಜಜ್ಜುತ್ತದೆ, ಎಲುಬನ್ನು ಒಡೆಯುತ್ತದೆ. ಬಾಣಕ್ಕೆ ಆ ಸಾಮರ್ಥ್ಯವಿಲ್ಲ. ಅದರ ಬಲವೆಲ್ಲ ಅಲಗಿನ ಹರಿತದಲ್ಲಿದೆ. ಅದು ತಾನು ಹಾದುಹೋದ ಕಡೆ ರಕ್ತನಾಳಗಳನ್ನು ಕೊಯ್ಯುತ್ತದೆ; ರಕ್ತ ಸೋರುತ್ತದೆ; ಮೆದುಳಿಗೆ ರಕ್ತ ಸಾಲದೆ ಪ್ರಾಣಿ ಬೀಳುತ್ತದೆ.

ಈ 'ಬೀಳುತ್ತದೆ' ಎಂಬುದಕ್ಕೆ ಸಮಯ ಬೇಕು. ಸಸ್ತನಿಗಳ ರಕ್ತ ಮೈತೂಕದ ನೂರಕ್ಕೆ ಏಳೆಂಟು ಪಾಲು. ೭೫ ಕಿಲೋ ತೂಗುವ ಒಂದು ಚುಕ್ಕೆಜಿಂಕೆಯ ಗಂಡಿನಲ್ಲಿ ಐದೂವರೆ ಲೀಟರಿನಷ್ಟು ರಕ್ತ ಇರಬಹುದು. ಅದರ ಮೂರನೆಯ ಒಂದು ಪಾಲು ಬೇಗನೆ ಹೊರಬಿದ್ದರೆ ಪ್ರಾಣಿ ನಿಲ್ಲಲಾರದು. ಹೃದಯವನ್ನೋ ಎರಡೂ ಪುಪ್ಪುಸಗಳನ್ನೋ ಬಾಣ ಭೇದಿಸಿದರೆ ಇದಕ್ಕೆ ಬೇಕಾಗುವುದು ಕೆಲವು ಸೆಕೆಂಡುಗಳು ಮಾತ್ರ. ಆದರೆ ಬೆದರಿದ ಜಿಂಕೆ ತಾಸಿಗೆ ೫೦ ಕಿಲೋಮೀಟರ್ ವೇಗದಲ್ಲಿ ಓಡಿದರೂ ಹತ್ತು ಸೆಕೆಂಡುಗಳಲ್ಲಿ ೧೪೦ ಮೀಟರ್ ದಾಟಿರುತ್ತದೆ. ಘಟ್ಟದ ತಪ್ಪಲಿನ ಬೆತ್ತದ ಮೆಳೆಗಳನ್ನೂ ಬಿದಿರ ಹಿಂಡಿಲುಗಳನ್ನೂ ನೋಡಿದವರಿಗೆ ೧೪೦ ಮೀಟರ್ ಎಷ್ಟು ದೂರವೆಂದು ಹೇಳಬೇಕಾಗಿಲ್ಲ. ಗುರಿ ಸರಿಯಾಗಿ ತಗಲಿದಾಗಲೇ ಹೀಗೆ. ಬಾಣ ಒಂದು ಗೇಣು ಹಿಂದಕ್ಕೆ ಸರಿದು ಹೊಟ್ಟೆಗೆ ನಾಟಿತೋ, ಪ್ರಾಣಿ ಆಗ ಸಾಯುವುದಿಲ್ಲ. ಜಠರದೊಳಗಿನ ಹುದುಗಿದ ಮೇವು ಒಡಲೊಳಕ್ಕೆ ಚೆಲ್ಲಿ, ನಂಜೇರಿ, ಗಂಟೆಗಟ್ಟಲೆ ನರಳಿ, ಕೆಲವೊಮ್ಮೆ ಮರುದಿನವೋ ಅದರಾಚೆಯ ದಿನವೋ ಸಾಯುವುದು; ಹೊಡೆದವನಿಗೂ ಸಿಕ್ಕದು. ಬಿಲ್ಲಿನ ಬೇಟೆಯ ಮೇಲಿರುವ ದೊಡ್ಡ ಆಕ್ಷೇಪಣೆ ಇದೇ. ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ೧೯೬೩ರ ಜಿಂಕೆ ಕಾಯಿದೆಯು ಜಿಂಕೆಗೆ ಬಾಣ ಬಿಡುವುದನ್ನು ನಿಷೇಧಿಸಿತು. ಅಮೆರಿಕದಲ್ಲಿ ಮಾತ್ರ ಅದು ಈಗಲೂ ದೊಡ್ಡ ಹವ್ಯಾಸವಾಗಿದೆ.

ಜಿಂಕೆಯ ಹೃದಯವಿರುವುದು ಎದೆಗೂಡಿನ ತಳಭಾಗದಲ್ಲಿ, ಮುಂಗಾಲುಗಳ ಮೊಣಗಂಟಿನ ಮಟ್ಟದಲ್ಲಿ. ಅದರ ಮೇಲೂ ಹಿಂದೂ ಪುಪ್ಪುಸಗಳು ಹರಡಿಕೊಂಡಿವೆ. ಅವುಗಳ ಹಿಂದೆ ವಪೆಯೆಂಬ ತೆಳ್ಳನೆಯ ಸ್ನಾಯುವಿನ ಪರದೆ. ಪರದೆಯ ಆಚೆಗೆ ಈರಲಿ ಮತ್ತು ಮೆಲುಕುಹಾಕುವ ಪ್ರಾಣಿಗಳ ದೊಡ್ಡ ಜಠರ. ಮುಂದುಗಡೆ ಹೆಗಲಿನ ದಪ್ಪ ಎಲುಬು. ಎಲುಬಿಗೂ ಜಠರಕ್ಕೂ ನಡುವೆ ಬಾಣಕ್ಕೆ ತೆರೆದಿರುವ ಜಾಗವು ಮಧ್ಯಮಗಾತ್ರದ ಜಿಂಕೆಯಲ್ಲಿ ಒಂದು ಗೇಣಿಗಿಂತ ಹೆಚ್ಚಿಲ್ಲ. ಅದೂ ಪ್ರಾಣಿಯು ಪೂರ್ತಿಯಾಗಿ ಪಕ್ಕ ತೋರಿಸಿ ನಿಂತಾಗ. ಎದುರಾಗಿ ನಿಂತರೆ ಎದೆಯೆಲುಬು ಅಡ್ಡ ಬರುವುದು. ಬೆನ್ನು ತೋರಿಸಿ ನಿಂತರೆ ಜಠರವೇ ಅಡ್ಡ.

ಇಲ್ಲಿ ಅನೇಕರು ತಪ್ಪುವ ಒಂದು ಅಂಶವಿದೆ. ಗುರಿಯೆಂಬುದು ತೊಗಲಿನ ಮೇಲಿನ ಒಂದು ಚುಕ್ಕೆಯಲ್ಲ. ಹಲಸಿನ ಹಣ್ಣಿನೊಳಗೆ ಒಂದು ಗೊತ್ತಾದ ತೊಳೆಯನ್ನು ಹೊರಗಿನಿಂದ ಉದ್ದನೆಯ ಸೂಜಿಯಿಂದ ಚುಚ್ಚಬೇಕಾಗಿದೆ ಎಂದು ಭಾವಿಸಿರಿ. ಹಣ್ಣನ್ನು ತುಸು ತಿರುಗಿಸಿದರೆ ಸೂಜಿ ಹೊಗಬೇಕಾದ ಮುಳ್ಳೂ ಬೇರೆಯಾಗುತ್ತದೆ. ಮೇಲಿನಿಂದ ಚುಚ್ಚುವವನಿಗೆ ಇನ್ನೊಂದು. ಹಾಗೆಯೇ ಮರದ ಅಟ್ಟಳಿಗೆಯಿಂದ ಕೆಳಕ್ಕೆ ಬಾಣ ಬಿಡುವವನಿಗೆ ಪ್ರವೇಶದ ಜಾಗ ಬೆನ್ನಿನ ಕಡೆಗೆ ಏರುತ್ತದೆ. ಬಾಣವು ಮೈಯೊಳಗೆ ಸಾಗುವ ದಾರಿಯನ್ನು ಮನಸ್ಸಿನಲ್ಲಿ ಕಾಣಬಲ್ಲವನೇ ಗುರಿಕಾರ. ಕಿರಾತಾರ್ಜುನ ಪ್ರಸಂಗವನ್ನು ನೋಡಿದವರಿಗೆ ಹಂದಿಯ ಮೈಯಲ್ಲಿ ನಾಟಿದ ಎರಡು ಬಾಣಗಳ ಜಗಳ ನೆನಪಿರಬಹುದು: ಕೊಂದುದು ಯಾರ ಬಾಣ? ವೈದ್ಯನೊಬ್ಬನನ್ನು ಕರೆದು ಎದೆಗೂಡನ್ನು ಬಿಚ್ಚಿ ನೋಡಿಸಿದ್ದರೆ ಜಗಳ ಅಲ್ಲಿಗೇ ತೀರುತ್ತಿತ್ತು; ಆದರೆ ಅರ್ಜುನನಿಗೆ ಪಾಶುಪತಾಸ್ತ್ರ ಸಿಕ್ಕುತ್ತಿರಲಿಲ್ಲ!

ಆ ಒಂದು ಗೇಣಿಗೆ ಬಾಣವನ್ನು ತಲಪಿಸುವುದು ಎಷ್ಟು ಕಷ್ಟ? ಜಿಂಕೆ ೨೦ ಮೀಟರ್ ದೂರದಲ್ಲಿದೆ ಎನ್ನೋಣ. ಬಿಲ್ಲು ಒಂದು ಡಿಗ್ರಿಯಷ್ಟು ಓರೆಯಾದರೆ ಬಾಣ ೩೫ ಸೆಂಟಿಮೀಟರ್ ಪಕ್ಕಕ್ಕೆ ಹೋಗುವುದು. ಇನ್ನು ಭೂಮಿಯ ಸೆಳೆತ. ೨೦ ಮೀಟರ್ ದಾಟಲು ಬಾಣಕ್ಕೆ ೦.೪ ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ೭೮ ಸೆಂಟಿಮೀಟರ್ ಇಳಿದಿರುತ್ತದೆ. ಬಿಲ್ಲುಗಾರನು ಇದನ್ನು ಬಲ್ಲನಾದುದರಿಂದ ಬಾಣದ ಮೊನೆಯನ್ನು ತಕ್ಕಷ್ಟು ಮೇಲಕ್ಕೆತ್ತಿ ಬಿಡುತ್ತಾನೆ. ಆದರೆ ಜಿಂಕೆಯು ನಿಜವಾಗಿ ೨೫ ಮೀಟರ್ ದೂರದಲ್ಲಿದ್ದು, ಅವನು ೨೦ ಎಂದು ತಪ್ಪಾಗಿ ಅಂದಾಜುಮಾಡಿದ್ದರೆ, ಬಾಣವು ಗುರಿಗಿಂತ ೨೫ ಸೆಂಟಿಮೀಟರ್ ಕೆಳಗೆ ಬೀಳುವುದು. ಎಂದರೆ ಗೇಣು ಮುಗಿದೇ ಹೋಯಿತು. ಕಾಡಿನ ನೆರಳುಬೆಳಕಿನಲ್ಲಿ ಐದು ಮೀಟರಿನ ತಪ್ಪು ಎಂಥವನಿಗೂ ಸಹಜ. ಬಾಣವೇನೂ ಕಬ್ಬಿಣದ ಸಲಾಕೆಯಂತೆ ನೆಟ್ಟಗೆ ಹೋಗುವುದಿಲ್ಲ ಎಂಬುದು ಇನ್ನೊಂದು ಸೋಜಿಗ. ಹೆದೆಯ ತಳ್ಳಿಗೆ ಅದು ಹಾವಿನಂತೆ ಬಳುಕಿ, ಬಿಲ್ಲಿನ ದಂಡವನ್ನು ಸುತ್ತಿ ದಾಟಿ, ಆಮೇಲೆ ಗರಿಗಳ ಸಹಾಯದಿಂದ ನೇರವಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ೧೯೩೦ರ ದಶಕದಲ್ಲಿ ಅತಿವೇಗದ ಚಲನಚಿತ್ರಗಳಿಂದ ಇಂಥ ಸಂಗತಿಗಳನ್ನು ಅಭ್ಯಾಸಮಾಡಿದರು. ಬಿಲ್ಲಿನ ಬಲಕ್ಕೆ ತಕ್ಕ ಬಳುಕು ಬಾಣಕ್ಕೆ ಇಲ್ಲದಿದ್ದರೆ ಕೈ ಎಷ್ಟು ಸ್ಥಿರವಾಗಿದ್ದರೂ ಪ್ರಯೋಜನವಿಲ್ಲ.

ಇವೆಲ್ಲವೂ ಗುರಿಹಲಗೆಗೂ ಸಲ್ಲುವ ಮಾತು. ಗುರಿಹಲಗೆಗೆ ಕಿವಿಯಿಲ್ಲ, ಜಿಂಕೆಗೆ ಇದೆ. ಹೆದೆಯ ಟಂಕಾರವು ಸೆಕೆಂಡಿಗೆ ೩೪೦ ಮೀಟರ್ ವೇಗದಲ್ಲಿ ಹೊರಟು, ೨೦ ಮೀಟರನ್ನು ೦.೦೬ ಸೆಕೆಂಡಿನಲ್ಲಿ ಮುಟ್ಟುತ್ತದೆ. ಬಾಣ ಬರುವುದಕ್ಕೆ ಇನ್ನೂ ೦.೩೪ ಸೆಕೆಂಡ್ ಉಳಿದಿದೆ. ಇದು ಬಹಳ ಚಿಕ್ಕ ಅವಧಿಯೆಂದು ಅನ್ನಿಸಿದರೆ ಓದುಗರು ಒಂದು ಪ್ರಯೋಗವನ್ನು ಮಾಡಿ ನೋಡಬೇಕು. ಗೆಳೆಯನೊಬ್ಬನು ೩೦ ಸೆಂಟಿಮೀಟರಿನ ಅಳತೆಪಟ್ಟಿಯನ್ನು ನೆಟ್ಟಗೆ ತೂಗಾಡಿಸಿ ಹಿಡಿಯಲಿ. ಅದರ ಸೊನ್ನೆಯ ಗುರುತಿನ ಬಳಿ ನಿಮ್ಮ ಹೆಬ್ಬೆರಳು ತೋರುಬೆರಳುಗಳು, ಪಟ್ಟಿಗೆ ತಾಗದಂತೆ, ಕಾದಿರಲಿ. ಅವನು ಹೇಳದೆ ಕೈಬಿಡಲಿ. ಬಿಟ್ಟುದನ್ನು ಕಂಡಕೂಡಲೆ ನೀವು ಹಿಡಿಯಿರಿ. ಸಾಮಾನ್ಯವಾಗಿ ೨೦ ಸೆಂಟಿಮೀಟರಿನ ಆಚೀಚೆ ನಿಮ್ಮ ಬೆರಳು ಕಚ್ಚಿಕೊಳ್ಳುವುದು. ೨೦ ಸೆಂಟಿಮೀಟರ್ ಬೀಳಲು ಪಟ್ಟಿಗೆ ಬೇಕಾದ ಕಾಲ ೦.೨ ಸೆಕೆಂಡ್. ಕಾಡಿನಲ್ಲಿ ಪ್ರತಿಕ್ಷಣ ಹುಲಿ ಚಿರತೆಗಳ ಸಪ್ಪುಳಕ್ಕೆ ಕಿವಿಗೊಟ್ಟು ಬದುಕುವ ಜಿಂಕೆಯು ನಮಗಿಂತ ಮಂದವಾಗಿರಲಾರದು.

ಈಗ ಅದೇ ಅಳತೆಪಟ್ಟಿಯ ಲೆಕ್ಕವನ್ನು ಜಿಂಕೆಗೆ ಅನ್ವಯಿಸೋಣ. ಬೆಚ್ಚಿದ ಜಿಂಕೆ ಜಿಗಿಯಬೇಕಾದರೆ ಮೊದಲು ಕಾಲುಗಳನ್ನು ಮಡಿಸಿ ಮೈಯನ್ನು ಕುಗ್ಗಿಸಬೇಕು. ಅಂದರೆ ಅದರ ಮೈ ಒಂದು ಕ್ಷಣ ಕೆಳಕ್ಕೆ ಬೀಳುತ್ತದೆ. ಸದ್ದನ್ನು ಕೇಳಿ ಕಾಲು ಸಡಿಲಗೊಳಿಸಲು ಅದಕ್ಕೆ ೦.೧೪ ಸೆಕೆಂಡ್ ಹಿಡಿಯಿತೆಂದರೂ ಉಳಿಯುವುದು ೦.೨ ಸೆಕೆಂಡ್. ಆ ಅವಧಿಯಲ್ಲಿ ಮೈ ಇಳಿಯಬಹುದಾದುದು ೨೦ ಸೆಂಟಿಮೀಟರ್. ಹೃದಯಕ್ಕೆಂದು ಬಿಟ್ಟ ಬಾಣವು ಬೆನ್ನ ಮಾಂಸವನ್ನು ಸೀಳಿಕೊಂಡು ಹೋಗುವುದು. ಇಲ್ಲವೆ ಬರಿದೆ ಮೇಲಿನಿಂದ ಹಾರಿಹೋಗುವುದು. ಬಿಲ್ಲುಗಾರನ ಕಣ್ಣು ತಪ್ಪಲಿಲ್ಲ, ಕೈ ತಪ್ಪಲಿಲ್ಲ. ಅವನು ಗುರಿಯಿಟ್ಟ ಜಿಂಕೆ ಆ ಜಾಗದಲ್ಲಿ ಇರಲಿಲ್ಲ, ಅಷ್ಟೆ. ಶಬ್ದವೇಧಿ ವಿದ್ಯೆಯಿಂದ ದಶರಥನು ಕಂಡರಿಯದ ಪ್ರಾಣಿಗೆ ಬಾಣ ಬಿಟ್ಟು ಕೆಟ್ಟನೆಂದು ನಾವು ಓದಿದ್ದೇವೆ. ಜಿಂಕೆಗಳಿಗಂತೂ ಆ ವಿದ್ಯೆ ಹುಟ್ಟಿನಿಂದಲೇ ಬಂದುದು, ಬದುಕಿಕೊಳ್ಳುವ ಸಲುವಾಗಿ.

ದೂರವನ್ನು ಅರ್ಧಕ್ಕೆ ಇಳಿಸಿದರೆ? ಹತ್ತು ಮೀಟರಿನಲ್ಲಿ ಬಾಣಕ್ಕೆ ೦.೨ ಸೆಕೆಂಡ್, ಸದ್ದಿಗೆ ೦.೦೩. ಜಿಂಕೆ ಅದೇ ಚುರುಕಿನಿಂದ ಕಾಲು ಸಡಿಲಿಸಿದರೂ ಬಾಣ ನಾಟುವ ಹೊತ್ತಿಗೆ ಅರ್ಧ ಸೆಂಟಿಮೀಟರೂ ಕುಗ್ಗಿರಲಾರದು. ದೂರ ಅರ್ಧವಾದರೆ ತಪ್ಪು ಅರ್ಧವಾಗುವುದಲ್ಲ, ನಲವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಆದಕಾರಣವೇ ನಿಜವಾದ ಬಿಲ್ಲುಬೇಟೆಗಾರರು ದೂರಕ್ಕೆ ಹೊಡೆಯುವ ಜಂಬವನ್ನು ಬಿಟ್ಟು, ಹತ್ತಿರ ಸಾರುವ ತಪಸ್ಸನ್ನು ಮಾಡುತ್ತಿದ್ದರು. ೧೯೧೧ರಲ್ಲಿ ಕ್ಯಾಲಿಫೋರ್ನಿಯದ ಕಾಡಿನಿಂದ ಹೊರಬಂದ ಇಷಿ ಎಂಬವನು ಯಾಹಿ ಎಂಬ ಮೂಲನಿವಾಸಿ ಪಂಗಡದ ಕೊನೆಯ ಮನುಷ್ಯ. ಸ್ಯಾಕ್ಸ್‌ಟನ್ ಪೋಪ್ ಎಂಬ ಶಸ್ತ್ರವೈದ್ಯರು ಅವನ ಸ್ನೇಹ ಬೆಳೆಸಿ ಬಿಲ್ಲುವಿದ್ಯೆಯನ್ನು ಕಲಿತು ೧೯೨೩ರಲ್ಲಿ ಒಂದು ಗ್ರಂಥವನ್ನು ಬರೆದರು. ಇಷಿಯು ಬೇಟೆಯ ಮುನ್ನಾದಿನ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಮುಟ್ಟುತ್ತಿರಲಿಲ್ಲ. ಬೆಳಗ್ಗೆ ಮಿಂದು ಹೊರಡುತ್ತಿದ್ದನು. ನಾವು ಇದನ್ನು ಮಡಿಯೆಂದು ಕರೆಯಬಹುದು. ಜಿಂಕೆಯ ಮೂಗನ್ನು ಬಲ್ಲವನು ಇದನ್ನು ವಿಜ್ಞಾನವೆಂದೇ ಕರೆಯುವನು.

ಬಾಣ ನಾಟಿಯೂ ಪ್ರಾಣಿ ಓಡಿಹೋಗುವ ಈ ತೊಂದರೆಗೆ ಮನುಷ್ಯನು ಪ್ರಾಚೀನಕಾಲದಲ್ಲೇ ಕಂಡುಕೊಂಡ ಉಪಾಯ ವಿಷ. ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಅಜ್ಜನಪಟ್ಟೆ ಮರದ ಹಾಲನ್ನು ಆಗ್ನೇಯ ಏಷ್ಯದವರು ಅಂಬಿನ ಮೊನೆಗೆ ಸವರುತ್ತಿದ್ದರು. ಅದು ಹೃದಯವನ್ನು ನಿಲ್ಲಿಸುವ ವಿಷ. ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಎಲ್ಲರೂ ಕಂಡ ಕಾಸರಕ ಮರದ ದಾಯಾದಿಯೊಂದು ದಕ್ಷಿಣ ಅಮೆರಿಕದ ಕಾಡುಗಳಲ್ಲಿದೆ. ಅದರ ತೊಗಟೆಯಿಂದ ತೆಗೆಯುವ ಕುರಾರೆಯು ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುತ್ತದೆ. ಮದ್ದು ಸವರಿದ ಬಾಣಕ್ಕೆ ಹೃದಯವನ್ನೇ ಹುಡುಕಬೇಕಾದ ಅಗತ್ಯವಿಲ್ಲ. ರಕ್ತ ಹರಿಯುವ ಮಾಂಸ ಸಿಕ್ಕಿದರೆ ಸಾಕು, ಉಳಿದುದನ್ನು ರಕ್ತವೇ ಮಾಡುತ್ತದೆ. ಇಂದಿನ ಪಶುವೈದ್ಯರು 'ಡಾರ್ಟ್' ಎಂದು ಕರೆಯುವ ಸೂಜಿಬಾಣದ ಮೂಲತತ್ತ್ವವೂ ಇದೇ. ಅದನ್ನು ಮೊದಮೊದಲು ಪಳಗಿಸಿದುದೂ ಜಿಂಕೆಗಳ ಮೇಲೆಯೇ. ಅಮೆರಿಕದ ಜಾರ್ಜಿಯ ಸಂಸ್ಥಾನದಲ್ಲಿ ಜಿಂಕೆಗಳನ್ನು ಜೀವಂತ ಹಿಡಿದು ಬೇರೆ ಕಾಡುಗಳಿಗೆ ಸಾಗಿಸಬೇಕಾಗಿತ್ತು. ಕ್ರಾಕ್‌ಫರ್ಡ್ ಮತ್ತು ಅವರ ಸಂಗಡಿಗರು ಗಾಳಿಕೋವಿಯಿಂದ ಹಾರುವ ಪಿಚಕಾರಿಯೊಂದನ್ನು ರಚಿಸಿ, ಹೊಗೆಸೊಪ್ಪಿನ ನಿಕೊಟಿನ್ನಿನಿಂದ ಮಾಡಿದ ಮದ್ದನ್ನು ಅದರಲ್ಲಿ ತುಂಬಿ ಜಿಂಕೆಗಳನ್ನು ಹಿಡಿದ ವಿವರವನ್ನು ೧೯೫೭ರಲ್ಲಿ ಪ್ರಕಟಿಸಿದರು. ಅದೇ ದಶಕದಲ್ಲಿ ನ್ಯೂಜಿಲೆಂಡಿನ ಪಶುವೈದ್ಯ ಕಾಲಿನ್ ಮರ್ಡಾಕರೂ ಇಂಥ ಕೋವಿಯನ್ನು ರೂಪಿಸಿದರು. ೧೯೬೨ರಲ್ಲಿ ತಯಾರಾದ ಕೆಟಮಿನ್ ಮತ್ತು ಜೈಲಜಿನ್ ಎಂಬ ಎರಡು ಮದ್ದುಗಳು ಬಂದ ಮೇಲೆ ನಿಕೊಟಿನ್ ಹಿಂದೆ ಸರಿಯಿತು.

ಈ ಪಿಚಕಾರಿಯ ಹಿಂಭಾಗದಲ್ಲಿ ಒತ್ತಿಹಿಡಿದ ಗಾಳಿಯೋ ಸಣ್ಣದೊಂದು ಮದ್ದಿನ ಬತ್ತಿಯೋ ಇರುತ್ತದೆ. ಸೂಜಿ ನಾಟಿದೊಡನೆ ಅದು ಕೊಂತವನ್ನು ಮುಂದಕ್ಕೆ ನೂಕಿ ಔಷಧವನ್ನು ಮೈಯೊಳಕ್ಕೆ ಸುರಿಯುತ್ತದೆ. ಎಲ್ಲಿ ನಾಟಬೇಕು? ಬಿಲ್ಲುಗಾರನು ಹುಡುಕುತ್ತಿದ್ದ ಎದೆಯ ಗೇಣು ವೈದ್ಯರಿಗೆ ಈಗ ನಿಷಿದ್ಧಸ್ಥಳ. ಸೂಜಿ ಪಕ್ಕೆಲುಬುಗಳ ನಡುವೆ ಹೊಕ್ಕರೆ ಪುಪ್ಪುಸ ತೂತಾಗುವುದು, ಹೊಟ್ಟೆಗೆ ಹೊಕ್ಕರೆ ಮದ್ದೆಲ್ಲ ಜಠರದ ಪಾಲು. ಅವರಿಗೆ ಬೇಕಾದುದು ಹಿಂದೊಡೆಯ, ಇಲ್ಲವೆ ಹೆಗಲಿನ ತೋರವಾದ ಮಾಂಸಖಂಡ. ಕಡವೆಯಲ್ಲಿ ಅದು ಸಾಕಷ್ಟು ವಿಶಾಲವಾಗಿದೆ. ಕಾಡುಕುರಿಯಲ್ಲಿ ಅಂಗೈಯಷ್ಟೂ ಇಲ್ಲ. ಬೆರಳೆರಡು ಆಚೆ ಹೋದರೆ ಎಲುಬು. ಬಿಲ್ಲಿಗೆ ಇಲ್ಲದ ಇನ್ನೊಂದು ತೊಡಕೂ ಇಲ್ಲಿದೆ. ಬಾಣ ಎಷ್ಟು ಬಲವಾಗಿ ಹೊಡೆದರೂ ಬೇಟೆಗಾರನಿಗೆ ನಷ್ಟವಿಲ್ಲ. ಡಾರ್ಟ್ ಹಾಗಲ್ಲ: ಮೂವತ್ತು ಮೀಟರಿಗೆಂದು ಹೂಡಿದ ಒತ್ತಡದಲ್ಲಿ ಹತ್ತು ಮೀಟರಿನ ಜಿಂಕೆಗೆ ಬಿಟ್ಟರೆ ಪಿಚಕಾರಿಯೇ ಮಾಂಸದೊಳಗೆ ಹೂತುಹೋಗಬಹುದು, ತೊಡೆಯೆಲುಬು ಮುರಿಯಬಹುದು. ದೂರವನ್ನು ತಪ್ಪು ಎಣಿಸುವುದು ಇಲ್ಲಿ ಎರಡು ಪಟ್ಟು ಅಪರಾಧ.

ಸರಿಯಾಗಿ ನಾಟಿದರೂ ಜಿಂಕೆ ಅಲ್ಲೇ ಒರಗುವುದಿಲ್ಲ. ಮದ್ದು ಮಾಂಸದಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗಬೇಕು. ಐದರಿಂದ ಹದಿನೈದು ನಿಮಿಷ ಬೇಕಾಗುವುದು. ಕೊಬ್ಬಿನ ಪದರಕ್ಕೆ ಹೊಕ್ಕಿದ್ದರೆ ಇನ್ನೂ ಹೆಚ್ಚು. ಆ ನಿಮಿಷಗಳಲ್ಲಿ ಅದು ಎಲ್ಲಿಗೆ ಹೋಗುವುದೆಂದು ಮೊದಲೇ ಯೋಚಿಸದವನು ಕೋವಿಯನ್ನು ಎತ್ತಬಾರದು. ಬಂಟ್ವಾಳ ಬೆಳ್ತಂಗಡಿಗಳ ನೆಲವನ್ನು ನೋಡಿರಿ: ಗುಡ್ಡದ ಕೆಳಗೆ ಅಡಕೆ ತೋಟ, ತೋಟದ ಅಂಚಿಗೆ ತೋಡು, ಮನೆಗೊಂದು ಬಾವಿ, ಅಲ್ಲಲ್ಲಿ ಕೆರೆ, ಮುರಕಲ್ಲು ಕಡಿದು ಬಿಟ್ಟ ಹೊಂಡ, ಕೊನೆಗೆ ನೇತ್ರಾವತಿ. ಅರೆನಿದ್ದೆಯ ಪ್ರಾಣಿಗೆ ಮೊಳಕಾಲುದ್ದದ ನೀರೂ ಮೃತ್ಯು.

ಬಾವಿಗೆ ಬಿದ್ದ ಚಿರತೆಗಳ ಸುದ್ದಿ ಈ ಕಡೆಯವರಿಗೆ ಹೊಸದಲ್ಲ. ೨೦೨೩ರ ಫೆಬ್ರವರಿಯಲ್ಲಿ ಮೂಡುಬಿದಿರೆ ಬಳಿಯ ನಿಡ್ಡೋಡಿಯಲ್ಲಿ ಬಾವಿಗೆ ಬಿದ್ದ ಚಿರತೆಯೊಂದು ಒಳಗಿನ ಪೊಟರೆಯಂಥ ಜಾಗದಲ್ಲಿ ಅಡಗಿ ಕುಳಿತಿತು. ಮೇಲಿನಿಂದ ಗುರಿಗೆ ಸಿಕ್ಕುವಂತಿರಲಿಲ್ಲ. ಮಂಗಳೂರಿನ ಪಶುವೈದ್ಯೆ ಡಾ. ಮೇಘನಾ ಪೆಮ್ಮಯ್ಯನವರು ಕಬ್ಬಿಣದ ಗೂಡಿನಲ್ಲಿ ಕುಳಿತು, ಅರಿವಳಿಕೆಯ ಕೋವಿಯೊಡನೆ ಬಾವಿಗೆ ಇಳಿದರು. ಚಿರತೆಗೆ ಡಾರ್ಟ್ ತಗಲಿ, ಅದು ಮಂಪರಿಗೆ ಇಳಿದ ಮೇಲೆ ಮೇಲಕ್ಕೆ ತಂದರು. ಬೇಟೆಗಾರನಾದರೆ ಹತ್ತು ಮೀಟರಿಗೆ ಸಾರಲು ಗಾಳಿಗೆ ಎದುರಾಗಿ ನಡೆಯುತ್ತಾನೆ. ಇವರು ಗೂಡಿನಲ್ಲಿ ತೂಗಾಡುತ್ತ ಇಳಿದರು. ಲೆಕ್ಕವೊಂದೇ: ಹತ್ತಿರ ಹೋಗದೆ ಗುರಿಯಿಲ್ಲ.

ಹತ್ತಿರ ಹೋಗುವುದರ ಬೆಲೆಯನ್ನು ಅದೇ ವರ್ಷದ ಆಗಸ್ಟ್ ೩೧ರಂದು ನಾಡು ಕಂಡಿತು. ಹಾಸನ ಜಿಲ್ಲೆಯ ಆಲೂರು ತಾಲೂಕಿನ ಹಳ್ಳಿಯೂರಿನಲ್ಲಿ, ಗಾಯಗೊಂಡಿದ್ದ ಭೀಮನೆಂಬ ಕಾಡಾನೆಗೆ ಚಿಕಿತ್ಸೆ ಮಾಡಬೇಕಾಗಿತ್ತು. 'ಆನೆ ವೆಂಕಟೇಶ್' ಎಂದೇ ಹೆಸರಾಗಿದ್ದ ಅನುಭವಿ ಗುರಿಕಾರರು ಡಾರ್ಟ್ ಹೊಡೆದರು. ಅದು ನಾಟಿತು. ಮದ್ದು ಏರುವ ಮೊದಲೇ ಆನೆ ತಿರುಗಿ ಅವರ ಮೇಲೆ ಬಿದ್ದಿತು, ಅವರು ಉ�ಳಿಯಲಿಲ್ಲ. ಗುರಿ ತಪ್ಪಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಜಿಂಕೆಯು ಹೊಡೆದವರ ಮೇಲೆ ಬೀಳುವುದಿಲ್ಲ; ಭಯವು ಅದನ್ನು ಒಳಗಿನಿಂದ ಕೊಲ್ಲುತ್ತದೆ. ಬೆದರಿ ಬಹಳ ಹೊತ್ತು ಓಡಿದ, ಇಲ್ಲವೆ ಹಿಡಿದಾಗ ಒದ್ದಾಡಿದ ಜಿಂಕೆಯ ಸ್ನಾಯುಗಳಲ್ಲಿ ಆಮ್ಲ ತುಂಬಿ, ಮೈಯ ಬಿಸಿ ಏರಿ, ಸ್ನಾಯುವಿನ ಎಳೆಗಳೇ ಒಡೆಯತೊಡಗುತ್ತವೆ. ಒಡೆದ ಸ್ನಾಯುವಿನ ಕೆಂಪು ದ್ರವ್ಯವು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬಿಡಿಸಿ ಕಳುಹಿಸಿದಾಗ ಚೆನ್ನಾಗಿಯೇ ನಡೆದುಹೋದ ಜಿಂಕೆ ಕೆಲವು ದಿನಗಳ ಮೇಲೆ ಕಾಡಿನಲ್ಲಿ ಸಾಯುವುದುಂಟು. ರಸ್ತೆಗೆ ಬಂದ ಕಡವೆಯ ಸುತ್ತ ಜನ ನೆರೆದು, ಕೂಗಿ, ಮೊಬೈಲಿನಿಂದ ಚಿತ್ರ ತೆಗೆಯುವುದನ್ನು ನಾವು ಕಂಡಿದ್ದೇವೆ. ಆ ಅರ್ಧಗಂಟೆಯ ಗದ್ದಲವು, ಆಮೇಲೆ ಬರುವ ವೈದ್ಯರ ಗುರಿ ಎಷ್ಟೇ ಸರಿಯಾಗಿದ್ದರೂ, ಅದನ್ನು ವ್ಯರ್ಥಮಾಡಬಲ್ಲುದು.

ಆದಕಾರಣ ಜಿಂಕೆ ಒರಗಿದೊಡನೆ ಮೊದಲು ಅದರ ಕಣ್ಣಿಗೆ ಬಟ್ಟೆ ಕಟ್ಟುವರು. ಕತ್ತಲೆಯೇ ಅದಕ್ಕೆ ಸಮಾಧಾನ. ಪಕ್ಕಕ್ಕೆ ಮಲಗಿಸದೆ ಎದೆಯ ಮೇಲೆ ಕುಳ್ಳಿರಿಸಿ, ಕತ್ತನ್ನು ಎತ್ತಿ, ಮೂತಿಯನ್ನು ಕೆಳಕ್ಕೆ ಬಾಗಿಸುವರು. ಮೆಲುಕುಹಾಕುವ ಪ್ರಾಣಿಯ ಜಠರದಲ್ಲಿ ಗಾಳಿ ತುಂಬಿ ಉಸಿರು ಕಟ್ಟಬಾರದು, ಮೇಲೆ ಬಂದ ಮೇವು ಪುಪ್ಪುಸಕ್ಕೆ ಇಳಿಯಬಾರದು. ಬಿಸಿಲಿದ್ದರೆ ಮೈಗೆ ನೀರು ಹಾಕುವರು. ಎಲ್ಲರೂ ಪಿಸುಮಾತಿನಲ್ಲಿಯೇ ಕೆಲಸ ಮುಗಿಸುವರು. ಕೊನೆಗೆ ಮದ್ದನ್ನು ಮುರಿಯುವ ಇನ್ನೊಂದು ಮದ್ದನ್ನು ಚುಚ್ಚಿ, ಕಣ್ಣಿನ ಬಟ್ಟೆಯನ್ನು ಬಿಚ್ಚಿ ದೂರ ಸರಿದರೆ, ಜಿಂಕೆ ತಲೆಯೆತ್ತಿ, ಕಿವಿ ಅಲುಗಿಸಿ, ತಡವರಿಸುತ್ತ ಏಳುತ್ತದೆ.

ಅದು ಮರೆಯಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಗುರಿ ತಪ್ಪಿದ ಡಾರ್ಟೋ ಓಟದಲ್ಲಿ ಮೈಯಿಂದ ಕಳಚಿ ಬಿದ್ದ ಡಾರ್ಟೋ ಇದ್ದರೆ ಅದನ್ನು ಹುಡುಕಲೇಬೇಕು. ಒಳಗುಳಿದ ಕೆಲವು ತೊಟ್ಟು ಮದ್ದು ದನ ಕಾಯುವ ಹುಡುಗನ ಅಂಗಾಲಿಗೆ ಚುಚ್ಚಿದರೆ ಗತಿಯೇನು? ತರಗೆಲೆಗಳ ನಡುವೆ ಎದ್ದು ಕಾಣಲೆಂದೇ ಅದರ ಬಾಲಕ್ಕೆ ಕಡುಗೆಂಪೋ ಗುಲಾಬಿಯೋ ಬಣ್ಣದ ಕುಚ್ಚನ್ನು ಕಟ್ಟಿರುತ್ತಾರೆ. ಹಿಂದಿನ ಬಿಲ್ಲುಗಾರನೂ ಬಿಟ್ಟ ಬಾಣವನ್ನು ಹೀಗೆಯೇ ಬಗ್ಗಿ ಹುಡುಕುತ್ತಿದ್ದನು.